ಬೇವಿನ ಗಿಡದ ಹೀರೋ

ಎಲ್ಲದರ ಮೂಲ ವಿರೂಪಣ್ಣನ ಟೇಪ್ ರೆಕಾರ್ಡರ್.

ಮಾನ್ವಿಯ ಬಸ್‌ಸ್ಟ್ಯಾಂಡಿನ ಹತ್ತಿರ, ರಸ್ತೆಯ ಈ ಬದಿಗೆ ಸಾಬಣ್ಣನ ಚಾದ ಹೋಟೆಲು. ಆ ಬದಿಗೆ, ಸರಿಯಾಗಿ ಎದುರಿಗೆ, ವಿರೂಪಣ್ಣನ ಹೋಟೆಲು. ಅಲ್ಲಿ ಚಾದ ಜೊತೆ ಮಂಡಕ್ಕಿ ಒಗ್ಗರಣಿ, ಬಿಸಿ ಮಿರ್ಚಿ. ಇಬ್ಬರೂ ಬಹಳ ವರ್ಷಗಳಿಂದ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಳ್ಳುತ್ತ ಅಣ್ಣತಮ್ಮಂದಿರ ಹಾಗೆ ಸುಖವಾಗಿಯೇ ಇದ್ದರು. ಆ ಬೇಸಿಗೆಯಲ್ಲಿ ವಿರೂಪಣ್ಣ ರಾಯಚೂರಿಗೆ ಹೋಗಿ ಟೇಪ್ ರೆಕಾರ್ಡರ್ ತಂದ. ಗಲ್ಲಾಪೆಟ್ಟಿಗೆಯ ಮೇಲೆ ಅದನ್ನು ಮದುಮಗನಂತೆ ಕೂಡಿಸಿ, ಊದಿನಕಡ್ಡಿ ಬೆಳಗಿ, ಸಿನಿಮಾ ಡೈಲಾಗಿನ ಕ್ಯಾಸೆಟ್ಟು ತುರುಕಿ ಗುಂಡಿ ಒತ್ತಿದ. ಒಳಗಿನಿಂದ ಯಾವನೋ ಹೀರೋ ಗುಡುಗಿದ:

“ಈ ಮಣ್ಣು ನಂದು! ಈ ನೀರು ನಂದು! ಈ ಊರಿನ ಗಾಳಿನೂ ನಂದು! ತಾಕತ್ತಿದ್ರೆ ಉಸಿರಾಡಿ ನೋಡೋ!”

ಬಸ್ಸಿನಿಂದ ಇಳಿದವರು ಉಸಿರಾಡುವುದನ್ನು ಮರೆತು ಆ ಕಡೆ ನಡೆದರು. ಮರುದಿನವೂ ನಡೆದರು. ವಾರ ಕಳೆಯುವುದರೊಳಗೆ ಸಾಬಣ್ಣನ ಬೆಂಚಿನ ಮೇಲೆ ನೊಣಗಳು ಮಾತ್ರ ಉಳಿದವು. ಅವು ಕೂಡ ಹೀರೋಯಿನ್ ಬಾರದ ಹಾಡಿನಲ್ಲಿ ಹಿಂದೆ ಕುಣಿಯುವವರ ಹಾಗೆ ಉತ್ಸಾಹವಿಲ್ಲದೆ ಸುತ್ತುತ್ತಿದ್ದವು. ಸಾಬಣ್ಣನಿಗೆ ಮಾತ್ರ ದಿನವಿಡೀ ಆ ಡೈಲಾಗು ಕೇಳಿ ಕೇಳಿ ಬಾಯಿಪಾಠವಾಗಿ, ಚಾ ಸೋಸುವಾಗಲೂ ತುಟಿ ತಾನಾಗಿಯೇ “ನಂದು, ನಂದು” ಅನ್ನತೊಡಗಿತ್ತು.

ಸಾಬಣ್ಣನ ಹೋಟೆಲಿನ ಮುಂದೆ ಒಂದು ಬೇವಿನ ಗಿಡ. ಅವನ ಅಪ್ಪ ಹಚ್ಚಿ ಬೆಳೆಸಿದ್ದು. ಹೋದ ವರ್ಷ ಯಾಕೋ ಏನೋ ನಿಂತಲ್ಲೇ ಒಣಗಿಹೋಗಿತ್ತು. ಮೇಲಿನ ತಂತಿಗೆ ತಾಗುತ್ತದೆ ಅಂತ ಮೊದಲೇ ಅದರ ಹೆಚ್ಚಿನ ಟೊಂಗೆಗಳನ್ನು ಕಡಿದಿದ್ದರು. ಉಳಿದದ್ದು ಆಳಿಗಿಂತ ಎತ್ತರದ ಬೊಡ್ಡೆ, ಎದೆಮಟ್ಟದಲ್ಲಿ ರಸ್ತೆಯ ಕಡೆಗೆ ಚಾಚಿದ ಒಂದು ದಪ್ಪ ಕೊಂಬೆ, ಆ ಕೊಂಬೆಯ ತುದಿಯಲ್ಲಿ ಮೇಲಕ್ಕೆ ಎದ್ದ ಎರಡು ಮೋಟು ಟೊಂಗೆ, ಬೊಡ್ಡೆಯ ಹಿಂದುಗಡೆ ಅದೇ ಮಟ್ಟದಲ್ಲಿ ಗಡಿಗೆಯಷ್ಟು ದೊಡ್ಡ ಗಂಟು.

ಈ ಗಿಡದ ಮೇಲೆ ಸಾಬಣ್ಣನ ಹೆಂಡತಿ ಜಂಬಮ್ಮನ ಕಣ್ಣು ಬಿದ್ದು ಬಹಳ ದಿನವಾಗಿತ್ತು.

“ಹಸಿ ಕಟಗಿ ಊದಿ ಊದಿ ನನ್ನ ಕಣ್ಣು ಹೋದ್ವು,” ಎಂದಳು ಅವಳು ಆ ದಿನ ಬೆಳಿಗ್ಗೆ ಒಲೆಯ ಮುಂದೆ ಕೂತು. “ಮುಂದ ಇಷ್ಟು ದೊಡ್ಡ ಒಣ ಗಿಡ ಇಟಗಂಡು ನಾ ಸಂತ್ಯಾಗ ಕಟಗಿ ಹುಡುಕ್ತೀನಿ. ಇವತ್ತು ಸಂಜಿ ಬಸ್ಸಿಗೆ ನಮ್ಮ ಕನಕರಾಯ ದೇವದುರ್ಗದಿಂದ ಕೊಡ್ಲಿ ತಗಂಡು ಬರ್ತಾನ. ಹೇಳಿ ಕಳಿಸೀನಿ.”

ಕನಕರಾಯ ಅವಳ ತಮ್ಮ. ಅವನು ಕೊಡಲಿ ಎತ್ತಿದರೆ ಗಿಡ ತಾನೇ ಮಲಗುತ್ತದೆ ಅಂತ ದೇವದುರ್ಗದ ಕಡೆ ಹೆಸರಿತ್ತು.

ಸಾಬಣ್ಣ ಸೌಟು ಕೆಳಗಿಟ್ಟ. “ಅದು ಕಟಗಿ ಅಲ್ಲ ಜಂಬವ್ವ. ಅದು ಹೀರೋ.”

“ಯಾರು?”

“ಗಿಡದಾಗ ಹೀರೋನ ಕೆತ್ತಿಸ್ತೀನಿ. ಆ ಟೊಂಗಿ ನೋಡು, ಕೈ ಚಾಚಿದಂಗ ಇಲ್ಲೇನು? ಆ ಕೈಯಾಗ ಚಾದ ಗ್ಲಾಸು. ಬಸ್ ಇಳಿದಾಂವ ಕಣ್ಣು ಎತ್ತಿದ ಕೂಡ್ಲೇ ಹೀರೋ ‘ಬರ್ರಿ, ಚಾ ಕುಡೀರಿ’ ಅನ್ನಬೇಕು. ವಿರೂಪಣ್ಣಂದು ಬರೇ ದನಿ. ನಂದು ಆಸಾಮಿ.”

ಜಂಬಮ್ಮ ಒಡೆದ ಹಾಲನ್ನು ನೋಡುವ ಹಾಗೆ ಗಂಡನನ್ನು ನೋಡಿದಳು. ಚೆಲ್ಲಬೇಕೋ, ಏನಾದರೂ ಮಾಡಲು ಬರುತ್ತದೋ ಎಂಬ ನೋಟ ಅದು.

“ಆತು. ಸಂಜಿ ಬಸ್ ಬರೋದ್ರೊಳಗ ನಮ್ಮ ಬೆಂಚು ತುಂಬಿದ್ದರ ಗಿಡ ಉಳೀತದ. ಖಾಲಿ ಇದ್ದರ ಒಲಿಗೆ ಹೋಗ್ತದ. ಆಮ್ಯಾಲ ನನ್ನ ಮುಂದ ಡೈಲಾಗ್ ಹೊಡೀಬ್ಯಾಡ.”

ಸಾಬಣ್ಣ ಬಡಿಗ ಬುರ್ಹಾನುದ್ದೀನನ ಮನೆಗೆ ಓಡಿದ. ಬುರ್ಹಾನುದ್ದೀನ್ ಮಾನ್ವಿಯ ಅರ್ಧ ನೇಗಿಲುಗಳನ್ನೂ ಎಲ್ಲ ತೊಟ್ಟಿಲುಗಳನ್ನೂ ಮಾಡಿದವನು. ಮಾತು ಮುಗಿಯುವ ಮೊದಲೇ ಅವನು ಉಳಿಯನ್ನು ಪಕ್ಕಕ್ಕಿಟ್ಟುಬಿಟ್ಟ.

“ಮೂರ್ತಿ ಗೀರ್ತಿ ನಾ ಮಾಡಂಗಿಲ್ಲ ಭಾಯ್. ಮನ್ಯಾಗ ಮುನ್ನೀ ಬೀ ಕೇಳಿದರ ನನಗ ಊಟ ಹಾಕಂಗಿಲ್ಲ.”

“ಮೂರ್ತಿ ಅಲ್ಲೋ ಮಾರಾಯ. ಜಾಹೀರಾತು.”

ಬುರ್ಹಾನುದ್ದೀನ್ ಒಳಗೆ ಹೋಗಿ ಹೆಂಡತಿಯನ್ನು ಕೇಳಿ ಬಂದ. “ಜಾಹೀರಾತು ಅಂದ್ರ ನಡೀತದ ಅಂದ್ಲು.”

“ಮನಷ್ಯಾರ ಮಾರಿ, ಕಣ್ಣು, ಮೂಗು ಮಾಡಿ ರೂಢಿ ಅದ ಇಲ್ಲೋ ನಿನಗ?”

“ಮಾರಿ ಅಂದ್ರ ಮಾರಿ. ತೊಟ್ಟಿಲಕ್ಕ ಗಿಳಿ ಮಾಡೀನಿ. ಬಂಡಿಗೆ ಎತ್ತಿನ ಮಾರಿ ಮಾಡಿ ಮಾಡಿ ಕಣ್ಣು ಮುಚ್ಚಿ ಕೆತ್ತತೀನಿ. ಹೀರೋ ಏನು ಎತ್ತಿಗಿಂತ ದೊಡ್ಡಾಂವ?”

ಇಲ್ಲಿಯೇ ಸಾಬಣ್ಣ ವಾಪಸು ಬಂದುಬಿಡಬೇಕಿತ್ತು. ಆದರೆ ಸಿನಿಮಾದಲ್ಲಿ ಹೀರೋ ಯಾವತ್ತು ಮೊದಲ ರೀಲಿನಲ್ಲಿ ವಾಪಸು ಬಂದಿದ್ದಾನೆ?

ಏಣಿ ಹಚ್ಚಿ ಬುರ್ಹಾನುದ್ದೀನ್ ಗಿಡ ಹತ್ತಿದ. ಮೊದಲ ಏಟಿಗೇ ಬಸ್‌ಸ್ಟ್ಯಾಂಡು ಇತ್ತ ತಿರುಗಿತು. ಕೆಲಸವಿಲ್ಲದವರು ಬಂದರು, ಕೆಲಸವಿದ್ದವರು ಅದನ್ನು ಬಿಟ್ಟು ಬಂದರು. ಸಿರವಾರದ ಬಸ್ಸಿನ ಕಂಡಕ್ಟರ್ ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ಯಾರೊಬ್ಬರೂ ಚಾ ಕೇಳಲಿಲ್ಲ.

ಆ ಬದಿಯಿಂದ ವಿರೂಪಣ್ಣ ಗಲ್ಲಾದ ಮೇಲಿಂದಲೇ ಕೂಗಿದ. “ಸಾಬಣ್ಣಾ, ಏನು ಹಲ್ಲುಕಡ್ಡಿ ಮಾಡಿಸಾಕತ್ತೀದೇನು? ಬೇವಿಂದು ಚಲೋ ಆಗ್ತಾವ. ಇಡೀ ಜಿಲ್ಲಾಕ್ಕ ಸಾಕಾಗ್ತಾವ ನೋಡು.”

“ಸಂಜಿತನಾ ತಡಿ,” ಎಂದ ಸಾಬಣ್ಣ. “ಆಮ್ಯಾಲ ನಿನ್ನ ಗಿರಾಕಿ ಹಲ್ಲು ಬಿಟಗಂಡು ಈ ಕಡಿಗೆ ಬರ್ತಾವ.”

ಬುರ್ಹಾನುದ್ದೀನ್ ತಲೆಯಿಂದ ಶುರು ಮಾಡಿದ್ದ. ನಾಲ್ಕು ಏಟು ಹಾಕಿದ್ದೇ ತಡ, ಬೊಡ್ಡೆಯ ನೆತ್ತಿ ‘ಬೊಕ್’ ಅಂತ ಒಳಗೆ ಕುಸಿಯಿತು. ಮರುಗಳಿಗೆಗೆ ಬುರ್ಹಾನುದ್ದೀನ್ ಏಣಿಯ ಮೇಲೆ ಕುಣಿಯತೊಡಗಿದ. ಒಂದು ಕೈ ಬೆನ್ನಿಗೆ, ಒಂದು ಕೈ ಲುಂಗಿಗೆ, ಕಾಲು ಯಾವುದಕ್ಕೋ. ನಾಲ್ಕು ಮೆಟ್ಟಿಲು ಬಿಟ್ಟು ಹಾರಿ ಕೆಳಗೆ ಬಿದ್ದ. ಫೈಟ್ ಮಾಸ್ಟರ್ ಇಲ್ಲದೆಯೇ ಇಷ್ಟು ಚೆಂದದ ಫೈಟು ಮಾನ್ವಿಯ ಜನ ನೋಡಿದ್ದು ಅದೇ ಮೊದಲು.

“ಇರುವಿ,” ಎಂದ ಅವನು ಏದುಸಿರು ಬಿಡುತ್ತ. “ಕೆಂಪಿರುವಿ. ತಲ್ಯಾಗ ಏನೂ ಇಲ್ಲ ಭಾಯ್. ಪೂರಾ ಪೊಳ್ಳು.”

“ಹೀರೋ ಅಂದ ಮ್ಯಾಲ ಹಂಗ ಇರ್ತದ,” ಎಂದ ಕಂಡಕ್ಟರ್.

ಪೊಳ್ಳು ತಲೆಯ ಮೇಲೆ ಮುಖ ಕೆತ್ತಲು ಬರುವುದಿಲ್ಲ. ಗರಗಸ ತಂದು ಚಾಚಿದ ಕೊಂಬೆಯ ಮಟ್ಟಕ್ಕೆ ಬೊಡ್ಡೆಯನ್ನು ಕೊಯ್ದು ಕೆಳಗೆ ಹಾಕಿದರು. ಈಗ ಹೀರೋನಿಗೆ ಕೈ ಇತ್ತು, ತಲೆ ಇರಲಿಲ್ಲ. ಸಾಬಣ್ಣ ಕೆಳಗೆ ಬಿದ್ದ ತಲೆಯನ್ನೊಮ್ಮೆ, ಗಿಡವನ್ನೊಮ್ಮೆ ನೋಡಿದ.

“ಈಗ ಹ್ಯಾಂಗೋ?”

ಬುರ್ಹಾನುದ್ದೀನ್ ಒಂದು ಕಣ್ಣು ಮುಚ್ಚಿ ಗಿಡವನ್ನು ಅಳೆದ. ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಅಳೆದ. “ಫೈಟ್‌ನ್ಯಾಗ ಹೀರೋ ಹಾರ್ತಾನ ಇಲ್ಲೋ?”

“ಹಾರ್ತಾನ.”

“ಅಡ್ಡಕ್ಕ ಹಾರ್ತಾನ. ಈ ಟೊಂಗಿ ತುದಿಗೆ ತಲಿ ಮಾಡೋಣು. ಈ ಎರಡು ಮೋಟು ಟೊಂಗಿ ಅವನ ಕೈ. ಮುಷ್ಟಿ ಕಟ್ಟಿ ಹಾರಾಕತ್ತಾನ, ಸೀದಾ ವಿಲನ್ ಕಡಿಗೆ.” ಅವನು ಉಳಿಯಿಂದ ವಿರೂಪಣ್ಣನ ಹೋಟೆಲು ತೋರಿಸಿದ.

ಅದು ಸಾಬಣ್ಣನಿಗೆ ಬಹಳ ಹಿಡಿಸಿತು. “ಹಂಗಾರ ಚಾದ ಗ್ಲಾಸು ಎಲ್ಲಿ ಹಿಡೀತಾನ?”

“ಕುಡಿದು ಇಟ್ಟು ಹಾರ್ಯಾನ ಅಂತ ತಿಳ್ಕೋ.”

ಬಿಸಿಲು ಏರಿತು. ಚಕ್ಕೆಗಳು ಹಾರಿದವು. ಜಂಬಮ್ಮ ಆಗಾಗ ಬಂದು ಚಕ್ಕೆ ಆರಿಸಿಕೊಂಡು ಒಲೆಗೆ ಹಾಕಿದಳು. ಹೀರೋ ಹೀಗೆ ಕಂತುಕಂತಾಗಿ ಒಲೆ ಸೇರುವುದನ್ನು ನೋಡುವುದು ಸಾಬಣ್ಣನಿಗೆ ಸಂಕಟ.

ಅದಕ್ಕಿಂತ ಹೆಚ್ಚಿನ ಸಂಕಟ ಶುರುವಾದದ್ದು ಮುಖ ಮೂಡತೊಡಗಿದಾಗ.

“ಬುರ್ಹಾನ್, ಮುಷ್ಟಿ ಯಾಕೋ ಚೂಪಾಗ್ಯಾವ?”

“ಸಿಟ್ಟು ಬಂದದ ಅವಗ.”

“ಮೂಗಿನ ಹೊಳ್ಳಿ ಇಷ್ಟು ದೊಡ್ಡು ಯಾಕ?”

“ಫೈಟ್ ಮಾಡಾಕತ್ತಾನ. ಉಸಿರು ಬಿಡಬೇಕೋ ಬ್ಯಾಡೋ?”

“ಕಿವಿ ಕೆಳಕ್ಕ ಜೋತು ಬಿದ್ದಾವಲ್ಲೋ.”

“ಕ್ರಾಪು ಅದು. ಬೆವರಿಗೆ ಇಳದದ.”

ಸಾಬಣ್ಣ ಗಿಡದ ಸುತ್ತ ತಿರುಗಿದ. ಎಡಗಡೆಯಿಂದ ನೋಡಿದರೆ ಹೀರೋನಂತೆಯೇ ಇದ್ದ, ಕಣ್ಣು ಸ್ವಲ್ಪ ಕಿರಿದು ಮಾಡಿದರೆ. ಬಲಗಡೆಯಿಂದ ಎಮ್ಮೆಯಂತಿದ್ದ. ಎದುರಿಗೆ ನಿಂತರೆ ಸಾಬಣ್ಣನ ಮಾವನಂತಿದ್ದ. ಅವನು ಮತ್ತೆ ಎಡಕ್ಕೆ ಬಂದ. ಅಷ್ಟರಲ್ಲಿ ಬುರ್ಹಾನುದ್ದೀನ್ ಇನ್ನಷ್ಟು ಕೆತ್ತಿದ್ದ, ಎಡಗಡೆಯೂ ಕೈಬಿಟ್ಟಿತ್ತು.

ನೆರೆದವರಿಗೂ ಅದು ಏನೆಂದು ತಿಳಿಯಲಿಲ್ಲ. ಮಲ್ಲಟದಿಂದ ಬಂದ ಒಬ್ಬ ಇದು ಮೊಸಳೆ ಅಂದ. ಬಾಗಲವಾಡದವನು, ಮೊಸಳೆಗೆ ಡುಬ್ಬ ಇರುವುದಿಲ್ಲ, ಇದು ಒಂಟೆ ಅಂದ. ಒಂಟೆ ಅಂದವನಿಗೂ ಮೊಸಳೆ ಅಂದವನಿಗೂ ಕೈಕೈ ಹತ್ತುವ ತನಕ ಹೋಯಿತು. ಕಂಡಕ್ಟರ್ ಬಹಳ ಹೊತ್ತು ತಲೆ ಓರೆ ಮಾಡಿ ನೋಡಿ, “ನಮ್ಮ ಸೋದರಮಾವ ಇವ,” ಅಂದು, ಬಸ್ಸಿನ ಕಡೆ ನೋಡದೆ ಅಲ್ಲೇ ಕೂತ.

“ಹೀರೋ ಇವ,” ಎಂದ ಸಾಬಣ್ಣ. “ಅಡ್ಡಕ್ಕ ಹಾರಾಕತ್ತಾನ.”

“ಎಲ್ಲಿಗೆ?” ಎಂದರು ಎಲ್ಲರೂ.

ಆ ಹೊತ್ತಿಗೆ ಬಂದವಳು ಮಹಾಂತಮ್ಮ. ಮಾನ್ವಿಯ ರೈಸ್ ಮಿಲ್ಲಿನ ಸಾವುಕಾರನ ತಾಯಿ. ಸಿರವಾರದ ಮಗಳ ಮನೆಗೆ ಹೋಗಲು ಬಸ್ಸು ಹಿಡಿಯಲು ಬಂದಿದ್ದಳು. ಬಸ್ಸು ನಿಂತಿತ್ತು, ಕಂಡಕ್ಟರ್ ಇರಲಿಲ್ಲ. ಅವನನ್ನು ಹುಡುಕಿಕೊಂಡು ಬಂದವಳಿಗೆ ಗುಂಪು ದಾರಿ ಬಿಟ್ಟಿತು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಎಲ್ಲರೂ ಅವಳ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಒಂದೇ ಕೊರತೆ. ಅಷ್ಟು ವರ್ಷ ಮಿಲ್ಲಿನ ಸದ್ದಿನ ಪಕ್ಕ ಸಂಸಾರ ಮಾಡಿ ಅವಳ ಕಿವಿ ಬರುವ ಮಾತುಗಳಲ್ಲಿ ಅರ್ಧವನ್ನು ಹೊಟ್ಟಿನ ಹಾಗೆ ಹೊರಗೇ ತೂರಿಬಿಡುತ್ತಿತ್ತು.

ಮಹಾಂತಮ್ಮ ಗಿಡದ ಮುಂದೆ ನಿಂತಳು. ಕೆತ್ತಿದ್ದನ್ನು ಕೆಳಗಿಂದ ಮೇಲೆ ನೋಡಿದಳು. ಆಮೇಲೆ ಬಹಳ ಮೆತ್ತಗೆ ಕೇಳಿದಳು:

“ಇದು ಯಾರ್ದಪಾ?”

ಯಾರ ಮೂರ್ತಿ ಅಂತ ಅವಳ ಪ್ರಶ್ನೆ. ಸಾಬಣ್ಣನಿಗೆ ಅದು ಹೇಗೆ ತಿಳಿಯಬೇಕು? ಬೆಳಗಿನಿಂದ ಗಿಡ ಮೊಸಳೆಯಾಗಿ, ಒಂಟೆಯಾಗಿ, ಕಂಡಕ್ಟರನ ಮಾವನಾಗಿ ಕೈತಪ್ಪಿ ಹೋಗುತ್ತಿತ್ತು. ಈಗ ದೊಡ್ಡವರೊಬ್ಬರು ಗಿಡ ಯಾರದು ಅಂತ ಮರ್ಯಾದೆಯಿಂದ ಕೇಳುತ್ತಿದ್ದಾರೆ. ಅಪ್ಪ ಹಚ್ಚಿದ ಗಿಡ. ಸಾಬಣ್ಣ ಎದೆ ಉಬ್ಬಿಸಿದ. ವಾರಗಟ್ಟಲೆ ತುಟಿಯ ಮೇಲೆ ಕಾದು ಕುಳಿತಿದ್ದ ಡೈಲಾಗು ಹೊರಗೆ ಬಂತು.

“ನಂದ್ರೀ.”

ಮಹಾಂತಮ್ಮನ ಎರಡೂ ಕೈ ಗಲ್ಲಕ್ಕೆ ಹೋದವು. “ನಂದಿ?”

“ಹೌದ್ರಿ ಅಮ್ಮಾರ. ನಂದ್ರೀ.”

“ಅದ ಅಂದೆ ನಾ. ಡುಬ್ಬ ನೋಡಿದ ಕೂಡ್ಲೇ ನನ್ನ ಜೀವ ಜುಮ್ ಅಂತು.”

“ನಂದಿ ಅಲ್ರೀ,” ಎಂದ ಸಾಬಣ್ಣ, ದನಿ ಏರಿಸಿ. “ನಂದು. ನಂ-ದ್ರೀ.”

“ಹೌದಪಾ, ಎಷ್ಟು ಸಲ ಹೇಳ್ತಿ. ಕಣ್ಣಿಗೆ ಕಾಣಾಕತ್ತದ.”

“ಇಂವ ಹೀರೋ ಅಮ್ಮಾರ. ಹೀರೋ, ಹೀರೋ.”

“ಹರ ಹರ,” ಎಂದು ಮಹಾಂತಮ್ಮ ಕಣ್ಣು ಮುಚ್ಚಿ ಕೈ ಮುಗಿದಳು.

ಆ ಬದಿಯಲ್ಲಿ ವಿರೂಪಣ್ಣನ ಕ್ಯಾಸೆಟ್ಟು ಬಿಸಿಲಿಗೆ ಜಗ್ಗಿ, ಹೀರೋನ ದನಿ ಉಯ್ಯಾಲೆಯ ಹಾಗೆ ಜೋಲಿ ಹೊಡೆಯತೊಡಗಿತ್ತು. “ನಂ…ದೂ… ನಂ…ದೀ…” ಅಂತ ಅದು ಗಾಳಿಯಲ್ಲಿ ತೇಲಿ ಬಂದದ್ದನ್ನು ಎಲ್ಲರೂ ಕೇಳಿದರು.

ಬೆಳಗಿನಿಂದ ತಬ್ಬಿಬ್ಬಾಗಿದ್ದ ಕಣ್ಣುಗಳಿಗೆ ಒಂದು ಹೆಸರು ಸಿಕ್ಕಿತು. ಎಲ್ಲರೂ ಗಿಡದ ಕಡೆ ತಿರುಗಿದರು. ಮುಷ್ಟಿ ಕೋಡಾದವು. ಕ್ರಾಪು ಕಿವಿಯಾಯಿತು. ಹಿಂದಿನ ಗಂಟು ಡುಬ್ಬವಾಯಿತು. ಎಷ್ಟು ಚೆಂದದ ಬಸವಣ್ಣ. ಮೊಸಳೆ ಅಂದವನು ಮೊದಲು ಚಪ್ಪಲಿ ಬಿಟ್ಟ. ಒಂಟೆ ಅಂದವನು ಅವನಿಗಿಂತ ಮುಂದೆ ಹೋಗಿ ಅಡ್ಡಬಿದ್ದ. ಕಂಡಕ್ಟರ್ ಗಲ್ಲ ಗಲ್ಲ ಬಡಿದುಕೊಂಡು, “ಸೋದರಮಾವ ಅಂದ್ನೆಲ್ಲೋ, ತಪ್ಪಾತಪಾ,” ಅಂದ.

ತೆಂಗಿನಕಾಯಿ ಬಂತು. ವಿಭೂತಿ ಬಂತು. ಹೂವಿನ ಮಾಲೆ ಎರಡು ಬಂದವು. ಒಂದನ್ನು ನಂದಿಗೆ ಹಾಕಿದರು, ಇನ್ನೊಂದನ್ನು ಬುರ್ಹಾನುದ್ದೀನನಿಗೆ. ಅವನು ಮಾಲೆಯೊಳಗೆ ಸಿಕ್ಕಿಕೊಂಡು ಸಾಬಣ್ಣನ ತೋಳು ಹಿಡಿದ.

“ಭಾಯ್, ಜಾಹೀರಾತು ಅಂದಿದ್ದಿ.”

“ಜಾಹೀರಾತನೋ ಅದು. ನಾ ಏನು ಮಾಡ್ಲಿ, ಅಮ್ಮಾರಿಗೆ ಕೇಳಂಗಿಲ್ಲ.”

“ಮುನ್ನೀ ಬೀಗೆ ಕೇಳ್ತದ. ಚಲೋ ಕೇಳ್ತದ.” ಬುರ್ಹಾನುದ್ದೀನ್ ಮಾಲೆ ತೆಗೆದು ಸಾಬಣ್ಣನ ಕೊರಳಿಗೆ ಹಾಕಿ, ಉಳಿ ಬಾಚಿ ಚೀಲಕ್ಕೆ ತುಂಬಿ, ಹಿಂದಿನ ಓಣಿಯಿಂದ ಮಾಯವಾದ.

ಕೊರಳಲ್ಲಿ ಮಾಲೆ ಹಾಕಿಕೊಂಡು ಸಾಬಣ್ಣ ನಿಂತ. ಮೊದಲು ಗಾಬರಿ. ಆಮೇಲೆ ತಲೆಯಲ್ಲಿ ಒಂದು ದೀಪ ಹತ್ತಿತು. ಹೀರೋ ಆದರೇನು, ನಂದಿ ಆದರೇನು? ಜನ ಬಂದಿದ್ದಾರೆ. ಕೈ ಮುಗಿದ ಮೇಲೆ ಚಾ ಕುಡಿಯದೆ ಎಲ್ಲಿ ಹೋಗುತ್ತಾರೆ? ಸಂಜೆಯ ಬಸ್ಸಿಗೆ ಬೆಂಚು ತುಂಬಿರುತ್ತದೆ, ಗಿಡ ಉಳಿಯುತ್ತದೆ. ಅವನು ಒಳಗೆ ಓಡಿ ದೊಡ್ಡ ಪಾತ್ರೆಗೆ ಹಾಲು ಸುರಿದ.

“ಜಂಬವ್ವ, ಎಸರು ಏರಿಸು. ಇವತ್ತು ಹೌಸ್ ಫುಲ್.”

ಹೊರಗೆ ಬಂದಾಗ ಯಾರೋ ಅವನ ಬೆಂಚುಗಳನ್ನು ಎತ್ತಿ ಗೋಡೆಯ ಕಡೆ ಒಯ್ಯುತ್ತಿದ್ದರು. ಬಸವಣ್ಣನಿಗೂ ಶಿವನಿಗೂ ನಡುವೆ ಅಡ್ಡ ಕೂರಬಾರದಂತೆ.

“ಶಿವ ಎಲ್ಲಿದ್ದಾನ್ರಿ?” ಎಂದು ಕೇಳಿದ ಸಾಬಣ್ಣ.

ಅದನ್ನೇ ಎಲ್ಲರೂ ಹುಡುಕುತ್ತಿದ್ದರು. ಗುಡಿಯಲ್ಲಿ ನಂದಿಯ ಹಿಂದೆ ನಿಂತು, ಡುಬ್ಬದ ಮೇಲೆ ಒಂದು ಕೈ ಇಟ್ಟು, ಎರಡು ಕೋಡಿನ ನಡುವೆ ಇಣುಕಿ ಶಿವನನ್ನು ನೋಡಬೇಕು, ಆಗಲೇ ದರ್ಶನ ಪೂರ್ತಿ. ಮಹಾಂತಮ್ಮ ಮೊದಲು ಹಿಂದೆ ಬಂದು ನಿಂತಳು. ಗಂಟಿನ ಮೇಲೆ ಕೈ ಇಟ್ಟಳು. ಬಾಗಿದಳು. ಎರಡು ಮುಷ್ಟಿಗಳ ನಡುವೆ ಇಣುಕಿದಳು.

ರಸ್ತೆಯ ಆಚೆ, ಕೋಡಿಗೆ ಸರಿಯಾಗಿ, ‘ಶ್ರೀ ವಿರೂಪಾಕ್ಷ ಪ್ರಸನ್ನ’ ಎಂದು ಬರೆದ ಬೋರ್ಡಿನ ಕೆಳಗೆ, ಗಲ್ಲಾಪೆಟ್ಟಿಗೆಯ ಹಿಂದೆ, ವಿರೂಪಣ್ಣನ ತಲೆ. ಒಂದು ಕೂದಲಿಲ್ಲದೆ ಗುಂಡಗೆ, ಎಣ್ಣೆಯ ಕಾವಿಗೆ ನುಣ್ಣಗೆ ಹೊಳೆಯುತ್ತ, ಹಣೆಯಲ್ಲಿ ಮೂರು ಬಳಿ ವಿಭೂತಿ. ಹಿಂದೆ ಮಿರ್ಚಿ ಕರಿಯುವ ಹೊಗೆ ಧೂಪದ ಹಾಗೆ ಏಳುತ್ತಿತ್ತು.

“ಆತು,” ಎಂದಳು ಮಹಾಂತಮ್ಮ. ಕಣ್ಣು ಒರೆಸಿಕೊಂಡಳು. “ಎಲ್ಲಾ ಲೆಕ್ಕ ಹಾಕಿ ಮಾಡ್ಯಾನ ನಮ್ಮಪ್ಪ.”

ಸಾಲು ಹತ್ತಿತು. ಒಬ್ಬೊಬ್ಬನೂ ಡುಬ್ಬ ಮುಟ್ಟಿ, ಇಣುಕಿ, ವಿರೂಪಣ್ಣನನ್ನು ನೋಡಿ, ಕಣ್ಣಿಗೊತ್ತಿಕೊಂಡು ಸೀದಾ ರಸ್ತೆ ದಾಟಿದ. ಎಲ್ಲರ ಬೆನ್ನು ಸಾಬಣ್ಣನ ಹೋಟೆಲಿಗೆ, ಎಲ್ಲರ ಕಣ್ಣು ವಿರೂಪಣ್ಣನ ಹೋಟೆಲಿಗೆ. ಇಡೀ ದಿನ ಬೆವರು ಸುರಿಸಿ ಸಾಬಣ್ಣ ಎದುರು ಹೋಟೆಲಿಗೆ ಕೈಮರ ನೆಡಿಸಿದಂತಾಗಿತ್ತು.

ವಿರೂಪಣ್ಣನಿಗೂ ಏನೂ ತಿಳಿಯಲಿಲ್ಲ. ಬಂದವರೆಲ್ಲ ಮೊದಲು ಅವನಿಗೆ ಕೈ ಮುಗಿದು ಆಮೇಲೆ ಮಿರ್ಚಿ ಕೇಳುತ್ತಿದ್ದರು. ಮೊದಮೊದಲು ಅವನೂ ಮುಗಿದ. ಕೈ ಸೋತ ಮೇಲೆ ಒಂದೇ ಕೈ ಎತ್ತಿ ಆಶೀರ್ವಾದ ಮಾಡತೊಡಗಿದ. ಅದು ಇನ್ನೂ ಚೆನ್ನಾಗಿ ಕೆಲಸ ಮಾಡಿತು.

ಒಳಗೆ ಹಾಲು ಉಕ್ಕಿ ಒಲೆ ಆರಿತು. ಸಾಬಣ್ಣ ರಸ್ತೆಯ ಅಂಚಿಗೆ ಓಡಿ, “ಚಾ ಇಲ್ಲಿ ಅದ್ರೀ, ಈ ಕಡಿಗೆ,” ಎಂದು ಕೂಗಿದ.

“ಅಡ್ಡ ನಿಂದ್ರಬ್ಯಾಡ್ರಿ,” ಎಂದಿತು ಸಾಲು. “ಶಿವ ಕಾಣವಲ್ಲ.”

ಸಂಜೆಯಾಯಿತು. ದೇವದುರ್ಗದ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಬಾಗಿಲಲ್ಲಿ ಮೊದಲು ಕೊಡಲಿ ಕಾಣಿಸಿತು, ಆಮೇಲೆ ಅದರ ಹಿಂದೆ ಕನಕರಾಯ. ಜಂಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಗೋಡೆಗೆ ಒರಗಿಸಿಟ್ಟ ಖಾಲಿ ಬೆಂಚುಗಳನ್ನು ನೋಡಿದಳು. ಗಂಡನನ್ನು ನೋಡಿದಳು.

“ಬಾರೋ ತಮ್ಮಾ. ಗಿಡ ಅಲ್ಲಿ ಅದ.”

“ಮಾವಾ, ಆರಾಮ ಇದ್ದೀರಿಲ್ಲ?” ಎಂದು ಕನಕರಾಯ ಕೊಡಲಿ ಕೆಳಗಿಳಿಸಿ, ಅಂಗೈಗೆ ಉಗುಳಿಕೊಂಡು ಗಿಡದ ಕಡೆ ನಡೆದ. ನಾಲ್ಕು ಹೆಜ್ಜೆಗೆ ನಿಂತ. ಮಾಲೆ ನೋಡಿದ, ವಿಭೂತಿ ನೋಡಿದ. ಉಗುಳಿದ ಕೈಯನ್ನು ಅಂಗಿಗೆ ಒರೆಸಿಕೊಂಡ.

“ಯಕ್ಕಾ, ಇದನ್ನ ಕಡಿ ಅಂತಿಯೇನು? ನಿನಗ ಬುದ್ಧಿ ಅದ ಇಲ್ಲೋ?” ಕೊಡಲಿಯನ್ನು ನಂದಿಯ ಮುಂದೆ ಮಲಗಿಸಿ ಉದ್ದಕ್ಕೆ ಬಿದ್ದ. ಎದ್ದು ಸಾಲಿನಲ್ಲಿ ನಿಂತ. ಡುಬ್ಬ ಮುಟ್ಟಿ ಇಣುಕಿದ. “ಎಣ್ಣಿ ವಾಸನಿ ಚಲೋ ಬರಾಕತ್ತದಲ್ಲ,” ಎಂದವನು ಅಕ್ಕನ ಕಡೆ ತಿರುಗದೆ ರಸ್ತೆ ದಾಟಿದ.

ಜಂಬಮ್ಮ ಹೊಸ್ತಿಲ ಮೇಲೆ ಕೂತಳು. “ಕಟಗಿನೂ ಹೋತು. ಗಿರಾಕಿನೂ ಹೋತು. ಈಗ ತಮ್ಮನೂ ಹೋದ.”

ಸಾಬಣ್ಣ ಗಿಡದ ಕಡೆ ನೋಡಿದ. ಬೆಳಿಗ್ಗೆ ಹೀರೋ ಇದ್ದ. ಆಮೇಲೆ ಏನಾಯಿತು?

ಅಷ್ಟರಲ್ಲಿ ಮಹಾಂತಮ್ಮ ಮತ್ತೆ ಬಂದಳು. ಸಿರವಾರದ ಬಸ್ಸನ್ನು ಅವಳು ಬೇಕೆಂದೇ ಬಿಟ್ಟಿದ್ದಳು. ಹಿಂದೆ ಊರಿನ ಅರ್ಧ ಮಂದಿ. ಸಂಜೆ ದೀಪ ಯಾರು ಹಚ್ಚಬೇಕು, ದೂರದಿಂದ ಬಂದವರು ಎಲ್ಲಿ ಕೂರಬೇಕು ಎಂಬೆಲ್ಲ ವ್ಯವಸ್ಥೆ ನಡೆದಿತ್ತು. ಅವಳ ಕಣ್ಣು ನಂದಿಯ ಹಿಂದಿನ ಹೋಟೆಲಿನ ಮೇಲೆ ಬಿತ್ತು.

“ಈ ಹೋಟೆಲ್ ಯಾರ್ದಪಾ?”

ಸಾಬಣ್ಣ ಬಾಯಿ ತೆರೆದ. “ನಂ—”

ಜಂಬಮ್ಮ ಹಾರಿ ಬಂದು ಅವನ ಬಾಯಿ ಮುಚ್ಚಿದಳು. ಕಿವಿಯಲ್ಲಿ ಉಸುರಿದಳು: “ಆ ಮಾತು ಅನಬ್ಯಾಡ. ಗಿಡ ಹೋತು, ಇನ್ನ ಹೋಟೆಲೂ ಹೋಗ್ತದ. ‘ನಮ್ದು’ ಅನ್ನು. ಇಬ್ಬರ್ದೂ ಅದ ಅಲ್ಲೇನು? ‘ನಮ್ದು’.”

ಎಂಥ ಬುದ್ಧಿ ಎನಿಸಿತು ಸಾಬಣ್ಣನಿಗೆ. ಅವನು ಮಹಾಂತಮ್ಮನ ಕಿವಿಯ ಹತ್ತಿರ ಬಾಗಿ, ಒಂದೊಂದು ಅಕ್ಷರ ಬಿಡಿಸಿ, ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಹೇಳಿದ.

“ನ-ಮ್ದು ಅಮ್ಮಾರ. ಈ ಹೋಟೆಲ್ ನಮ್ದು.”

ಈ ಸಲ ಮಹಾಂತಮ್ಮನಿಗೆ ಸರಿಯಾಗಿ ಕೇಳಿಸಿತು.

ಅವಳು ನಂದಿಗೆ ಕೈ ಮುಗಿದಳು. ಆಮೇಲೆ ಗುಂಪಿನ ಕಡೆ ತಿರುಗಿದಳು. “ಕೇಳಿದ್ರೇನು? ಲೋಕದಾಗ ಎಲ್ಲಾರೂ ನಂದು ನಂದು ಅಂತ ಬಡಕೊಂತಾರ. ಈ ಮಗ ಬಸವಣ್ಣನ ಮುಂದ ನಿಂತು ‘ನಮ್ದು’ ಅಂದ. ಎಲ್ಲಾರ್ದೂ ಅಂದ. ಬರ್ರಿ, ಒಳಗ ಬರ್ರಿ, ಕುಂದರ್ರಿ. ಇವತ್ತಿನಿಂದ ಇಲ್ಲಿ ಚಾದ ದಾಸೋಹ. ಬಂದವರಿಗೆಲ್ಲಾ ಪುಗಸಟ್ಟೆ.”

“ಹಾಲು, ಸಕ್ಕರಿ ಯಾರು ಕೊಡ್ತಾರ್ರೀ ಅಮ್ಮಾರ?” ಎಂದ ಸಾಬಣ್ಣ, ದನಿ ಅರ್ಧ ಸತ್ತು.

ಅದು ಅವಳಿಗೆ ಕೇಳಿಸಲಿಲ್ಲ.

ಬೆಂಚುಗಳು ಗೋಡೆಯಿಂದ ಇಳಿದವು. ಕಣ್ಣುಮುಚ್ಚಿ ತೆರೆಯುವುದರೊಳಗೆ ತುಂಬಿದವು. ಬೆಂಚು ಸಾಲದೆ ನೆಲ ತುಂಬಿತು, ನೆಲ ಸಾಲದೆ ಹೊಸ್ತಿಲು. ರಸ್ತೆಯ ಆಚೆಯಿಂದ ಮಿರ್ಚಿ ತಿಂದು ಬಾಯಿ ಉರಿಸಿಕೊಂಡವರೆಲ್ಲ ಹಾಸ್ ಹೂಸ್ ಎನ್ನುತ್ತ ಓಡಿ ಬಂದರು. ಮೊದಲ ಗ್ಲಾಸು ಎತ್ತಿದವನು ಕನಕರಾಯ.

ಸಾಬಣ್ಣ ಹೆಂಡತಿಯ ಕಡೆ ನೋಡಿದ. “ಬೆಂಚು ತುಂಬ್ಯಾವ ನೋಡು. ನೀನ ಅಂದಿದ್ದಿ.”

ಜಂಬಮ್ಮ ಒಲೆಗೆ ನಾಲ್ಕು ಹಸಿ ಕಟ್ಟಿಗೆ ತುರುಕಿ, ಊದುಕೊಳವಿಯನ್ನು ತಂದು ಗಂಡನ ಕೈಗೆ ಕೊಟ್ಟಳು.

ಸಾಬಣ್ಣ ಊದಿದ. ಹೊಗೆ ಮುಖಕ್ಕೆ ಬಂತು, ಕಣ್ಣಲ್ಲಿ ನೀರು ಇಳಿಯಿತು. ನೋಡಿದವರು ಭಕ್ತಿ ಅಂದುಕೊಂಡರು. ಆ ಹೊಗೆಯನ್ನು ಸೀಳಿಕೊಂಡು ಒಂದು ನುಣುಪಾದ ಗುಂಡು ತಲೆ ಒಳಗೆ ಬಂತು. ಹಣೆಯಲ್ಲಿ ಮೂರು ಬಳಿ ವಿಭೂತಿ. ಕೂತವರು ಜರುಗಿ ಜಾಗ ಮಾಡಿಕೊಟ್ಟರು. ವಿರೂಪಣ್ಣ ಕನಕರಾಯನ ಪಕ್ಕ ಕೂತು, ಪಂಚೆ ಸರಿಮಾಡಿಕೊಂಡು, ಕೈ ಚಾಚಿದ.

“ಟೇಪ್ ಬಂದ್ ಮಾಡಿ ಬಂದೀನಿ ಸಾಬಣ್ಣಾ. ಹೋಟೆಲ್ ನಮ್ದ ಅಲ್ಲೇನು, ಸಕ್ಕರಿ ಒಂಚೂರು ಕೈ ಬಿಟ್ಟು ಹಾಕು.”